ಕ್ಲಿಪ್ಪಿನ ಕೆಳಗೆ ಉಳಿದ ಸಾಲು

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಮನೆಯಲ್ಲಿ ಬಡತನವಿತ್ತು ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ನಂದಗಡದ ನಮ್ಮ ಮನೆಯಲ್ಲಿ ಉಣ್ಣಲು ಉಡಲು ಏನೂ ಕೊರತೆ ಇರಲಿಲ್ಲ. ಸೋದರಮಾವನ ಜೊತೆ ಬೆಳಗಾವಿಗೆ ಬಂದಾಗ ಒಂದು ಗಲ್ಲಿಯಲ್ಲಿ ಟ್ರೆಡಲ್ ಎಂಬ ಅಚ್ಚಿನ ಯಂತ್ರವೊಂದು ಬಾಯಿ ತೆರೆದು ಮುಚ್ಚುವುದನ್ನು ಕಂಡೆ. ಬಾಯಿ ಮುಚ್ಚಿ ತೆರೆದಾಗೊಮ್ಮೆ ಒಂದು ಲಗ್ನಪತ್ರಿಕೆ. ಮುಚ್ಚಿ ತೆರೆದರೆ ಇನ್ನೊಂದು. ನಾನು ಅಲ್ಲೇ ನಿಂತುಬಿಟ್ಟೆ. ಮಾವ ಬಸ್ ಸ್ಟ್ಯಾಂಡಿನ ತನಕ ಹೋಗಿ, ನಾನು ಹಿಂದಿಲ್ಲವೆಂದು ತಿಳಿದು, ಬೈಯುತ್ತ ತಿರುಗಿ ಬಂದ. ಮುಂದಿನ ತಿಂಗಳು ನಾನು ಆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ಕುಳಿತಿದ್ದೆ. ಅಲ್ಲಿಂದ ಎದ್ದದ್ದು ಮೊನ್ನೆ ಮೊನ್ನೆ, ನಿವೃತ್ತಿಯಾಗಿ.

ಈಗ ಕಂಪ್ಯೂಟರಿನ ಮುಂದೆ ಪುಟ ಕಟ್ಟಲು ಕಲಿಯುವ ನಿಮಗೆ ಈ ಕಸುಬಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಪಗಾರ ಯಾವಾಗ ಏರಿತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ನನ್ನ ಅಕ್ಕನಿಗೆ ನಾನು ಮಾಡಿದ ಒಂದು ಅನ್ಯಾಯ ಇದರಲ್ಲಿದೆ. ಅದನ್ನು ಹೇಳುವುದಕ್ಕಾಗಿಯೇ ಉಳಿದದ್ದನ್ನೆಲ್ಲ ಹೇಳುತ್ತಿದ್ದೇನೆ.

ಆಗ ಅಕ್ಷರವೆಂದರೆ ಸೀಸದ ಮೊಳೆ. ಮರದ ದೊಡ್ಡ ಕೇಸಿನಲ್ಲಿ ಅಕ್ಷರಕ್ಕೊಂದು ಗೂಡು. ಒಂದೊಂದಾಗಿ ಆರಿಸಿ ಸಾಲು ಕಟ್ಟಬೇಕು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಅದನ್ನು ತಲೆಕೆಳಗಾಗಿಯೇ ಓದುವುದು ರೂಢಿಯಾಗುತ್ತದೆ. ಇಂದಿಗೂ ಬಸ್ಸಿನಲ್ಲಿ ಎದುರು ಕುಳಿತವರು ಪೇಪರನ್ನು ಮಡಿಲಲ್ಲಿ ಹರವಿಕೊಂಡು ಓದುತ್ತಿದ್ದರೆ ನನಗೆ ಬೇರೆ ಪೇಪರ್ ಬೇಡ. ಅವರು ಪುಟ ತಿರುಗಿಸುವುದು ತಡವಾದರೆ ನನಗೇ ಸಿಟ್ಟು ಬರುತ್ತದೆ.

ಮಾಲೀಕರ ಹೆಸರು ಗುರುಬಸಪ್ಪ. ಒಳ್ಳೆಯ ಮನುಷ್ಯ, ಆದರೆ ತಪ್ಪನ್ನು ತಿದ್ದುವುದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಮುಚ್ಚುವುದರಲ್ಲಿ ಇತ್ತು. ಅದಕ್ಕೆಂದೇ ಒಂದು ಡಬ್ಬಿಯ ತುಂಬ ಹೂವಿನ ಅಚ್ಚುಗಳನ್ನು ಇಟ್ಟಿದ್ದರು. ಸಾಲು ತಪ್ಪಿತೇ, ಅದರ ಮೇಲೊಂದು ಹೂವು. ಜಾಗ ಉಳಿಯಿತೇ, ಎರಡು ಹೂವು. ನಾನು ಸೇರಿದ ವರ್ಷ ಲಗ್ನಪತ್ರಿಕೆಯೊಂದರಲ್ಲಿ ಮದುಮಗಳ ಅಜ್ಜನ ಹೆಸರಿನ ಹಿಂದೆ 'ದಿವಂಗತ' ಎಂದು ಜೋಡಿಸಿಬಿಟ್ಟೆ. ಅದು ಮೇಲಿನ ಸಾಲಿನ ಅಜ್ಜನಿಗೆ ಸಲ್ಲಬೇಕಾದ ಪದ. ಈ ಅಜ್ಜ ಪೀರನವಾಡಿಯಿಂದ ಕೋಲು ಹಿಡಿದು ನಡೆದೇ ಬಂದ. ಕಟ್ಟೆಯ ಮೇಲೆ ಕುಳಿತು, ತನ್ನ ಕೈ ಚಾಚಿ, "ನಾಡಿ ಹಿಡದು ನೋಡ್ರೀ, ಪೂರಾ ಹೋಗೀನೋ ಇನ್ನೂ ಒಂಚೂರು ಇದ್ದೀನೋ" ಎಂದ. ಮಾಲೀಕರು ಅವನಿಗೆ ಚಹಾ ತರಿಸಿದರು, ಎಲ್ಲ ಪತ್ರಿಕೆಗಳ ಮೇಲೆ ಆ ಪದದ ಮೇಲೊಂದು ಕಮಲ ಒತ್ತಿಸಿದರು. ಅಜ್ಜ ಕಮಲ ನೋಡಿ ಖುಷಿಯಾದ. ಉಳಿದ ಹಿರಿಯರಿಗೆ ಯಾರಿಗೂ ಕಮಲವಿಲ್ಲ, ತನಗೊಬ್ಬನಿಗೇ ಇದೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದನಂತೆ.

ನಾನು ಕನ್ನಡದ ಕೇಸಿಗೆ. ಇಂಗ್ಲಿಷ್ ಕೇಸಿಗೆ ಬಾಬೂರಾವ ಮಾಮಾ ಎಂಬ ಹಿರಿಯರಿದ್ದರು. ಮನೆಮಾತು ಮರಾಠಿ. ಬೆರಳು ಮಿಂಚಿನಂತೆ ಓಡುತ್ತಿದ್ದವು, ಆದರೆ ಇಂಗ್ಲಿಷಿನ ಒಂದು ಪದದ ಅರ್ಥವೂ ಅವರಿಗೆ ಗೊತ್ತಿರಲಿಲ್ಲ. ಇಪ್ಪತ್ತಾರು ಚಿತ್ರಗಳು, ಅಷ್ಟೇ. ಅರ್ಥ ಗೊತ್ತಿದ್ದರೆ ಕೈ ನಿಧಾನವಾಗುತ್ತದೆ ಎಂದು ಅವರ ಅಭಿಪ್ರಾಯ. ಅವರ ಬಾಜು ಕುಳಿತು ನಾನೂ ಆ ಇಪ್ಪತ್ತಾರು ಚಿತ್ರ ಕಲಿತೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಊರಿಗೆ ಹೋದಾಗ, ಪ್ರೆಸ್ಸಿನಲ್ಲಿ ಇಂಗ್ಲಿಷ್ ಕಲಿತೆ ಎಂದುಬಿಟ್ಟೆ. ಓಣಿಯವರು ಔಷಧದ ಬಾಟಲಿ ತಂದು ಹಿಡಿಯುತ್ತಿದ್ದರು. ನಾನು ಹುಬ್ಬು ಗಂಟಿಕ್ಕಿ ಒಂದೊಂದೇ ಅಕ್ಷರ ನೋಡಿ, "ಊಟ ಆದ ಮ್ಯಾಲೆ, ದಿನಾ ಎರಡು ಸಲ" ಎನ್ನುತ್ತಿದ್ದೆ. ಬಹಳಷ್ಟು ಔಷಧಗಳು ಊಟದ ಮೇಲೆ ಎರಡು ಸಲವೇ ಇರುವುದರಿಂದ ಸಿಕ್ಕಿಬೀಳಲಿಲ್ಲ. ಒಮ್ಮೆ ಮಾತ್ರ ಅದು ಕೂದಲಿಗೆ ಹಚ್ಚುವ ಎಣ್ಣೆಯಾಗಿತ್ತು. ಆ ಮನೆಯ ದಾರಿಯನ್ನು ಬಹಳ ದಿನ ತುಳಿಯಲಿಲ್ಲ.

ಇದನ್ನೆಲ್ಲ ನಿಜವೆಂದು ನಂಬಿದವಳು ನನ್ನ ಅಕ್ಕ, ಗಂಗಾ. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಮಕ್ಕಳೆಲ್ಲ ಅವಳನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಅವಳು ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಹೇಳಿದ್ದಳಂತೆ: ನನ್ನ ತಮ್ಮ ಶಾಲೆ ಬಿಟ್ಟ, ಆದರೆ ಬೆರಳಿನಿಂದ ಇಂಗ್ಲಿಷ್ ಕಲಿತ. ಈ ಮಾತು ನನ್ನ ಕಿವಿಗೆ ಬಿದ್ದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಅಕ್ಕನ ತರಗತಿಯ ಮಕ್ಕಳಲ್ಲಿ ಅರ್ಧಕ್ಕೆ ಮನೆಯಲ್ಲಿ ಮರಾಠಿ, ಅರ್ಧಕ್ಕೆ ಕನ್ನಡ, ಓಣಿಯಲ್ಲಿ ಎರಡೂ. ಅವರಿಗೆ ಉದ್ದುದ್ದ ಇಂಗ್ಲಿಷ್ ಪದಗಳ ಹೆದರಿಕೆ ಇರಲಿಲ್ಲ, ಅವಕ್ಕೆ ಒಂದೇ ಅರ್ಥ. ಹೆದರಿಕೆ ಸಣ್ಣವುಗಳದು. ಟೇಕ್, ಗೆಟ್, ಪುಟ್, ರನ್. ಒಂದೊಂದಕ್ಕೂ ಹತ್ತು ಹದಿನೈದು ಅರ್ಥ. ಅದಕ್ಕೆ ಅಕ್ಕ ಒಂದು ಪುಸ್ತಕ ಬರೆದಳು. ಹೆಸರು 'ಒಂದು ಪದ, ಹತ್ತು ಸಂಬಂಧ'. ಮುನ್ನುಡಿಯಲ್ಲಿ ಹೀಗೆ ಬರೆದಿದ್ದಳು: ನಿಮ್ಮಪ್ಪ ಒಬ್ಬನೇ ಮನುಷ್ಯ, ಆದರೆ ಒಂದು ಮನೆಗೆ ಹೋದರೆ ಕಾಕಾ, ಇನ್ನೊಂದಕ್ಕೆ ಹೋದರೆ ಮಾಮಾ, ಮತ್ತೊಂದರಲ್ಲಿ ಅಳಿಯ. ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಯಾರ ಮನೆಯಲ್ಲಿ ಕುಳಿತಿದ್ದಾನೆ ಎಂದು ನೋಡಿದರೆ ಸಾಕು. ಟೇಕ್ ಎಂಬ ಪದವೂ ಹಾಗೆಯೇ, ಅದು ಯಾವ ವಾಕ್ಯದಲ್ಲಿ ಕುಳಿತಿದೆ ನೋಡಿರಿ.

ಇಂಥ ಮುನ್ನುಡಿಯನ್ನು ನನ್ನ ಕೈಯಿಂದ ಜೋಡಿಸಿದೆ. ನನ್ನ ಜೀವಮಾನದಲ್ಲಿ ಜೋಡಿಸಿದ ಅತ್ಯಂತ ಚೆಂದದ ಪುಟ ಅದು. ಮುಂದಿನದು ಕೇಳಿ.

ಅಕ್ಕ ಪ್ರತಿ ಹಾಳೆಯ ಎಡಕ್ಕೆ ಇಂಗ್ಲಿಷ್ ವಾಕ್ಯ, ಬಲಕ್ಕೆ ಕನ್ನಡ ಅರ್ಥ ಬರೆದಿದ್ದಳು. ನಮ್ಮ ಪ್ರೆಸ್ಸಿನಲ್ಲಿ ಎರಡು ಭಾಷೆಯ ಹಾಳೆ ಬಂದರೆ ಕತ್ತರಿಯಿಂದ ನಡುವೆ ಸೀಳುವುದು ಪದ್ಧತಿ. ಎಡ ಅರ್ಧ ಬಾಬೂರಾವ ಮಾಮಾಗೆ, ಬಲ ಅರ್ಧ ನನಗೆ. ಇಬ್ಬರೂ ಬೇರೆ ಬೇರೆ ಜೋಡಿಸಿ ಕೊನೆಗೆ ಎರಡನ್ನೂ ಪಕ್ಕಕ್ಕೆ ಇಡುವುದು. ಪುಟವಾದ ಮೇಲೆ ಪ್ರೂಫ್ ತೆಗೆದು ಖಾನಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೆ, ಅಕ್ಕ ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಸಿದುಕೊಂಡು, ತಿದ್ದಿ, ಮರುದಿನದ ಬಸ್ಸಿಗೆ ಕಳಿಸುವಳು. ಒಬ್ಬ ಕಂಡಕ್ಟರ್ ದಾರಿಯಲ್ಲಿ ತಾನೂ ಓದಿ, ಟಿಕೆಟ್ ಕೊಡುವಾಗ ಒಂದೊಂದು ವಾಕ್ಯ ಹೇಳುತ್ತಿದ್ದನಂತೆ.

ಕೊನೆಯದಾಗಿ ಉಳಿದದ್ದು ಟೇಕ್ ಪುಟ. ನಾನು ನನ್ನ ಅರ್ಧ ಹಾಳೆಯನ್ನು ಕೇಸಿನ ತಲೆಗೆ ಕ್ಲಿಪ್ ಹಾಕಿ ಸಿಕ್ಕಿಸಿ ಮೊದಲ ಸಾಲು ಜೋಡಿಸಿದೆ. ಅಷ್ಟರಲ್ಲಿ ಚಹಾ ಬಂತು. ಕುಡಿದು ಬಂದು, ಹಾಳೆಯನ್ನು ಒಂದಿಷ್ಟು ಮೇಲಕ್ಕೆ ಎಳೆದು ಮತ್ತೆ ಕ್ಲಿಪ್ ಹಾಕಿದೆ. ಎರಡನೇ ಸಾಲು ಕ್ಲಿಪ್ಪಿನ ಕೆಳಗೆ ಹೋಯಿತು. ನನಗೆ ಕಾಣಲಿಲ್ಲ. ಮೂರನೆಯದನ್ನೇ ಎರಡನೆಯದೆಂದು ಜೋಡಿಸುತ್ತ ಹೋದೆ. ಹೀಗೆ ಕನ್ನಡದ ಉಳಿದ ಸಾಲುಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿದವು. ಇಂಗ್ಲಿಷ್ ಇದ್ದಲ್ಲೇ ಇತ್ತು.

ಎರಡನ್ನೂ ಪಕ್ಕಕ್ಕೆ ಇಟ್ಟಾಗ ಕೆಳಗೆ ಕನ್ನಡದ ಕಡೆ ಒಂದು ಸಾಲಿನ ಜಾಗ ಖಾಲಿ. ಮಾಮಾ ಅದನ್ನು ನೋಡಿ ತಲೆ ಕೆರೆದುಕೊಂಡರು. ಇದು ಮಕ್ಕಳು ತುಂಬಲಿ ಎಂದು ಅಕ್ಕ ಬಿಟ್ಟಿರಬೇಕು ಎಂದೆ ನಾನು. ಮಾಲೀಕರು ಬಂದರು, ಡಬ್ಬಿಯಿಂದ ಒಂದು ಗುಲಾಬಿ ತೆಗೆದು ಅಲ್ಲಿ ಕೂರಿಸಿದರು.

ಆ ವಾರ ಅಕ್ಕನಿಗೆ ಪರೀಕ್ಷೆಯ ಕೆಲಸ ಬಿದ್ದಿತ್ತು. ಪ್ರೂಫ್ ಕಳಿಸಿದರೆ ಬರಲು ವಾರವಾಗುತ್ತದೆ ಎಂದು ಚೀಟಿ ಬಂತು. ಇತ್ತ ಲಗ್ನದ ಕಾಲ. ಅಕ್ಕನ ಪುಟದಲ್ಲಿ ಮೊಳೆಗಳು ಸಿಕ್ಕಿಕೊಂಡು ಕೂತಿದ್ದರಿಂದ ಲಗ್ನಪತ್ರಿಕೆಗೆ ಅಕ್ಷರವೇ ಇರಲಿಲ್ಲ. ಆ ಪುಟ ಅಚ್ಚಾಗಿ ಮೊಳೆ ಬಿಚ್ಚಿದರೆ ಮಾತ್ರ ಊರಿನ ಮದುವೆಗಳು ಮುಂದೆ ಸಾಗಬೇಕು. ಅಕ್ಕನ ಚೀಟಿಯಲ್ಲಿ ಇನ್ನೊಂದು ಸಾಲಿತ್ತು: 'ಅಷ್ಟು ಅವಸರವಿದ್ದರೆ ನೀನೇ ಓದಿ ಸರಿ ಮಾಡು. ಹೇಗೂ ಇಂಗ್ಲಿಷ್ ಬಲ್ಲವ ನೀನಿದ್ದೀಯಲ್ಲ.'

ಆಗ ನಾನು ಹೇಳಬೇಕಿತ್ತು. ಮೂರು ಪದದ ಮಾತು, ನನಗೆ ಇಂಗ್ಲಿಷ್ ಬರುವುದಿಲ್ಲ. ಎದುರಿಗೆ ಕಾಲೇಜು ಹುಡುಗರು ಬಂದು ಕೂರುವ ಚಹಾದಂಗಡಿ ಇತ್ತು, ಯಾರನ್ನು ಕರೆದಿದ್ದರೂ ಎರಡು ನಿಮಿಷದ ಕೆಲಸ. ಆದರೆ ಮಾಲೀಕರು ಮಾಮಾನ ಎದುರು ಆ ಚೀಟಿಯನ್ನು ಗಟ್ಟಿಯಾಗಿ ಓದಿದ್ದರು. ನಾನು ಪ್ರೂಫ್ ಹಿಡಿದು ಕಿಟಕಿಯ ಹತ್ತಿರ ಹೋಗಿ, ಹುಬ್ಬು ಗಂಟಿಕ್ಕಿ, ಔಷಧದ ಬಾಟಲಿ ಓದಿದಂತೆ ಓದಿದೆ. ಒಂದು ಕಡೆ ಚುಕ್ಕೆ ದಪ್ಪವಾಗಿದೆ ಎಂದು ಗುರುತು ಹಾಕಿದೆ. ಕೆಳಗೆ 'ಸರಿ ಇದೆ' ಎಂದು ಬರೆದು ಸಹಿ ಮಾಡಿದೆ. ಮಾಲೀಕರು ಕೂಡ ಒಮ್ಮೆ ಕಣ್ಣಾಡಿಸಿದರು. ಅವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಎಲ್ಲೋ ಏನೋ ವಿಚಿತ್ರ ಕಂಡಿತಂತೆ. ಆದರೆ ಸುಮ್ಮನಾದರು. ಪುಸ್ತಕ ಇರುವುದೇ, ಈ ಪದಗಳಿಗೆ ನೀವು ಅಂದುಕೊಳ್ಳದ ಅರ್ಥಗಳೂ ಇವೆ ಎಂದು ಹೇಳಲಿಕ್ಕಲ್ಲವೇ?

ಅಕ್ಕ ಇನ್ನೂ ಪರೀಕ್ಷೆಯ ಕೆಲಸದಲ್ಲಿದ್ದಾಗಲೇ ಪುಸ್ತಕಗಳು ನೇರ ಶಾಲೆಗೆ ಹೋಗಿ ಮಕ್ಕಳ ಕೈ ಸೇರಿದವು. ಹೀಗಾಗಿ ಖಾನಾಪುರದ ಮಕ್ಕಳು ಮೂರನೇ ಸಾಲಿನಿಂದ ಕಲಿತದ್ದು ಏನೆಂದರೆ: ಟೇಕ್ ದಿ ಮೆಡಿಸಿನ್ ಎಂದರೆ ಬಸ್ಸು ಹತ್ತು. ಟೇಕ್ ದಿ ಬಸ್ ಎಂದರೆ ಸ್ನಾನ ಮಾಡು. ಟೇಕ್ ಎ ಬಾತ್ ಎಂದರೆ ಫೋಟೊ ತೆಗೆ. ಟೇಕ್ ಎ ಫೋಟೊ ಎಂದರೆ ಎರಡು ತಾಸು ಹಿಡಿಯುತ್ತದೆ. ಇಟ್ ಟೇಕ್ಸ್ ಟೂ ಅವರ್ಸ್ ಎಂದರೆ ಅಪ್ಪನನ್ನು ಹೋಲುತ್ತಾನೆ. ಹೀ ಟೇಕ್ಸ್ ಆಫ್ಟರ್ ಹಿಸ್ ಫಾದರ್ ಎಂದರೆ ವಿಮಾನ ಮೇಲೇರುತ್ತದೆ. ಕೊನೆಗೆ, ದಿ ಪ್ಲೇನ್ ಟೇಕ್ಸ್ ಆಫ್ ಎಂದರೆ, ಗುಲಾಬಿ ಹೂವು.

ತಪಾಸಣೆಗೆ ಬಂದ ಸಾಹೇಬರು ಒಬ್ಬ ಹುಡುಗಿಯನ್ನು ಎಬ್ಬಿಸಿ ಟೇಕ್ ಎ ಬಾತ್ ಎಂದರೇನು ಎಂದು ಕೇಳಿದರಂತೆ. ಅವಳು ಕೈ ಕಟ್ಟಿ ಸ್ಪಷ್ಟವಾಗಿ "ಫೋಟೊ ತಗೀರಿ ಸರ್" ಎಂದಳಂತೆ. ಸಾಹೇಬರು ಇಡೀ ತರಗತಿಯ ಎದುರು ಪುಸ್ತಕ ಎತ್ತಿ ಹಿಡಿದು, ಬರೆದವರು ಯಾರು ಎಂದು ಕೇಳಿದರು. ಹೆಸರು ಮುಖಪುಟದ ಮೇಲೆಯೇ ಇತ್ತು. ಅದನ್ನು ದಪ್ಪ ಅಕ್ಷರದಲ್ಲಿ ಜೋಡಿಸಿದ್ದವನೂ ನಾನೇ.

ಸುದ್ದಿ ಕಂಡಕ್ಟರನ ಬಾಯಿಂದ ಮೊದಲು ನನಗೆ ಬಂತು. ಓಡಿಹೋಗಿ ರದ್ದಿ ಚೀಲದಿಂದ ಎರಡೂ ಅರ್ಧ ಹಾಳೆಗಳನ್ನು ಹುಡುಕಿ ತೆಗೆದೆ. ನನ್ನ ಅರ್ಧದ ಎರಡನೇ ಸಾಲಿನ ಮೇಲೆ ಕ್ಲಿಪ್ಪಿನ ಜಂಗು, ತುಕ್ಕಿನ ಕಂದು ಗೆರೆ ಎಳೆದಂತೆ ಹತ್ತಿತ್ತು. ಕೆಳಗೆ ಅಕ್ಕನ ಗುಂಡು ಅಕ್ಷರ: 'ಸಕ್ಕರೆ ಹಾಕಿಕೊಳ್ಳುತ್ತೀರಾ?' ನನಗೆ ಎಲ್ಲ ತಿಳಿಯಿತು. ಹಾಳೆಗಳನ್ನು ಮಡಚಿ ಙ ಅಕ್ಷರದ ಗೂಡಿನಲ್ಲಿ, ಮೊಳೆಗಳ ಅಡಿಗೆ ತುರುಕಿದೆ. ಆ ಗೂಡಿಗೆ ವರ್ಷಕ್ಕೊಮ್ಮೆಯೂ ಯಾರ ಕೈಯೂ ಹೋಗುವುದಿಲ್ಲ.

ಮರುದಿನ ಅಕ್ಕ ಬಂದಳು. ಬೈಯಲಿಲ್ಲ. ಹಾಳೆ ಎಲ್ಲಿ, ಒಮ್ಮೆ ನೋಡಬೇಕು ಎಂದಳು.

"ರದ್ದಿಗೆ ಹೋದ್ವು ಅಕ್ಕಾ" ಎಂದೆ. "ನೀ ಬರದಂಗs ಜೋಡಿಸೀನಿ. ನಾನs ಓದೀನಲ್ಲ."

ಅವಳು ಪುಸ್ತಕದ ಆ ಪುಟವನ್ನು ಬೆರಳಿನಿಂದ ಸವರಿದಳು. "ಹಂಗಾರ ನಾನs ತಪ್ಪಿರಬೇಕು ಬಿಡು" ಎಂದಳು. "ಜ್ವರದಾಗ ಕುಂತು ನಕಲು ಮಾಡಿದ್ದೆ. ಒಂದು ಸಾಲು ಬಿಟ್ಟಿರಬೇಕು. ನಿನಗೂ ಕೆಟ್ಟ ಹೆಸರು ತಂದೆ ನೋಡು."

ಕೊನೆಯ ಮಾತು ಅಂದಿನಿಂದ ನನ್ನ ಎದೆಯಲ್ಲಿ ಹಾಗೇ ಕೂತಿದೆ.

ಅಕ್ಕ ಎಲ್ಲ ಪ್ರತಿಗಳನ್ನೂ ಮನೆಗೆ ಒಯ್ದು, ಒಂದೊಂದರಲ್ಲೂ ಕೆಂಪು ಶಾಯಿಯಿಂದ ಓರೆ ಬಾಣಗಳನ್ನು ಎಳೆದು, ಈ ಅರ್ಥ ಆ ವಾಕ್ಯಕ್ಕೆ ಎಂದು ತೋರಿಸಿ ಹಂಚಿದಳು. ಎರಡನೆಯ ಭಾಗ ಬರೆಯುವವಳಿದ್ದಳು, ಬರೆಯಲಿಲ್ಲ. ಯಾರಾದರೂ ಕೇಳಿದರೆ ತನ್ನ ತಲೆ ಮೊದಲಿನಷ್ಟು ಗಟ್ಟಿ ಇಲ್ಲ ಎನ್ನುತ್ತಿದ್ದಳು. ಆಗ ಅವಳಿಗೆ ಮೂವತ್ತೆಂಟೋ ಮೂವತ್ತೊಂಬತ್ತೋ ವಯಸ್ಸು.

ಮುಂದೆ ಸೀಸ ಹೋಯಿತು, ಕಂಪ್ಯೂಟರ್ ಬಂತು. ಮೊಳೆಗಳನ್ನೆಲ್ಲ ಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದ ದಿನ ನಾನು ಙ ಗೂಡಿನಿಂದ ಹಾಳೆಗಳನ್ನು ತೆಗೆದು ಮನೆಯ ಟ್ರಂಕಿನಲ್ಲಿ ಇಟ್ಟೆ. ಮಾಲೀಕರು ತಮ್ಮ ಹೂವಿನ ಡಬ್ಬಿಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಕೀಲಿಮಣೆ ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಮೊದಲ ದೊಡ್ಡ ಕೆಲಸ ಒಂದು ಸಂಘದ ವರದಿ. ನಮ್ಮಲ್ಲಿ ಚೆನ್ನಾಗಿ ಕಾಣುತ್ತಿದ್ದ ಕನ್ನಡ, ಅವರ ಕಂಪ್ಯೂಟರಿನಲ್ಲಿ ತೆರೆದಾಗ ಬರೀ ಆವರಣ ಚಿಹ್ನೆ, ನಕ್ಷತ್ರ, ಪ್ರಶ್ನಾರ್ಥಕಗಳಾಗಿತ್ತು. ಅಕ್ಷರದ ಅಚ್ಚು, ಅಂದರೆ ಫಾಂಟು, ಅವರಲ್ಲಿ ಇರಲಿಲ್ಲ, ಅಷ್ಟೇ. ಕಾರ್ಯದರ್ಶಿ ಫೋನ್ ಮಾಡಿ, ಅಧ್ಯಕ್ಷರ ಭಾಷಣ ಈಗಲೇ ಹೆಚ್ಚು ತಿಳಿಯುತ್ತದೆ, ಹೀಗೇ ಇರಲಿ ಎಂದ. ನೀವು ಇಂದು ಒಂದು ಗುಂಡಿ ಒತ್ತಿ ತಪ್ಪು ಅಳಿಸುತ್ತೀರಿ. ಹೂವು ಬೇಕಿಲ್ಲ. ಆದರೆ 'ಸರಿ ಇದೆ' ಎನ್ನುವುದು ಇಂದಿಗೂ ಮನುಷ್ಯನೇ. ತಿಳಿಯದ್ದಕ್ಕೆ ಸರಿ ಎನ್ನಬೇಡಿ. ಈ ಒಂದು ಮಾತಿಗಾಗಿ ನಾನು ಬಹಳ ಸುತ್ತಿ ಬಂದಿದ್ದೇನೆ.

ನಿವೃತ್ತಿಯಾಗಿ ಶಿವಬಸವ ನಗರದ ಮನೆಯಲ್ಲಿ ಕುಳಿತಿದ್ದಾಗ ಹೋದ ವರ್ಷ ಒಬ್ಬ ಬಂದ. ಹೆಸರು ಮಾರುತಿ, ಅಕ್ಕನ ಹಳೆಯ ವಿದ್ಯಾರ್ಥಿ, ಪೀರನವಾಡಿಯಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದಾನೆ. ಅವನ ಸ್ಟುಡಿಯೋದ ಬಾಗಿಲ ಮೇಲೆ 'ಫೋಟೊ ಎಂದರೆ ಎರಡು ತಾಸು ಹಿಡಿಯುತ್ತದೆ' ಎಂಬ ಬೋರ್ಡು ಇದೆಯಂತೆ. ಗಿರಾಕಿಗಳು ಅದನ್ನು ನಿಜವೆಂದು ನಂಬಿ ಬಾಜು ಅಂಗಡಿಯಲ್ಲಿ ಕಾಯುತ್ತಾರಂತೆ. ಆ ತರಗತಿಯವರೆಲ್ಲ ಈಗಲೂ ಹಾಗೇ ಮಾತಾಡುತ್ತಾರೆ. ಬಸ್ಸು ಹತ್ತಿದವ ಔಷಧ ತಗೊಂಡೆ ಎಂದು ಫೋನ್ ಮಾಡುತ್ತಾನೆ. ಯಾರಿಗಾದರೂ ಗಂಡು ಹುಟ್ಟಿದರೆ, ಅಪ್ಪನ ಹೋಲಿಕೆ ಎನ್ನುವ ಬದಲು ವಿಮಾನ ಮೇಲೇರಿತು ಎನ್ನುತ್ತಾರೆ. ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ.

ಅವರೆಲ್ಲ ಸೇರಿ ಅಕ್ಕೋರ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಬೇಕೆಂದಿದ್ದರು. ಅಕ್ಕ ಒಪ್ಪಿರಲಿಲ್ಲ.

"ನನ್ನ ತಪ್ಪು ಒಮ್ಮೆ ಅಚ್ಚಾದ್ದು ಸಾಕು ಅಂತಾರ್ರೀ" ಎಂದ ಮಾರುತಿ. "ನೀವ್ ತಮ್ಮಾರು, ಪ್ರೆಸ್ಸಿನ್ಯಾರು. ನೀವರ ಹೇಳ್ರಿ."

ನನ್ನ ನಗು ಅಲ್ಲೇ ನಿಂತಿತು. ಅವನನ್ನು ಕಳಿಸಿ ಟ್ರಂಕು ತೆರೆದೆ.

ಮರುದಿನ ಖಾನಾಪುರದ ಬಸ್ಸಿನಲ್ಲಿ ಕುಳಿತಾಗ, ಔಷಧ ತಗೊಂಡೆ ಎಂದು ನೆನಪಾಗಿ ಒಬ್ಬನೇ ನಕ್ಕೆ. ಮರುಗಳಿಗೆಗೆ ಹಾಳೆಗಳು ಚೀಲದಲ್ಲಿವೆಯೋ ಎಂದು ಮುಟ್ಟಿ ನೋಡಿಕೊಂಡೆ. ಅಕ್ಕ ಬಾಗಿಲಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದೆ, ಕನ್ನಡಕ ದಪ್ಪವಾಗಿದೆ. ನಾನು ಕುಳಿತೆ, ಎದ್ದೆ, ಮತ್ತೆ ಕುಳಿತೆ. ಹಾಳೆಗಳನ್ನು ಅವಳ ಮುಂದೆ ಇಟ್ಟೆ. ನಂತರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಕ್ಲಿಪ್ಪು, ಚಹಾ, ಸಹಿ, ಙ ಗೂಡು. ಕೊನೆಗೆ, "ನನಗ ಇಂಗ್ಲಿಷ್ ಬರೂದಿಲ್ಲ ಅಕ್ಕಾ. ಎಂದೂ ಬರ್ತಿರಲಿಲ್ಲ" ಎಂದೆ.

ಅಕ್ಕ ಎರಡು ಅರ್ಧಗಳನ್ನು ನೆಲದ ಮೇಲೆ ಕೂಡಿಸಿದಳು. ಕತ್ತರಿಯ ಅಂಚು ಅಂಚಿಗೆ ಸರಿಯಾಗಿ ಕೂತಿತು. ಜಂಗು ಹತ್ತಿದ ಸಾಲನ್ನು ಬೆರಳಿನಿಂದ ಉಜ್ಜಿದಳು.

"ಒಂದು ಸಾಲು ಜಾರೇತಿ ಅಂತ ನನಗ ಅವತ್ತs ಗೊತ್ತಾಗಿತ್ತು" ಎಂದಳು. "ಯಾರ ಕೈಯಾಗ ಜಾರಿತು ಅನ್ನೂದು ಗೊತ್ತಿರಲಿಲ್ಲ. ನೀ ಓದೀನಿ ಅಂದಿ. ಅದಕ್ಕ ನನ್ನ ಕೈ ಅಂತ ತಿಳಕೊಂಡೆ. ಇಷ್ಟು ವರ್ಷ ಒಂದು ಚೀಟಿ ಬರದರೂ ಮೂರು ಸಲ ಓದತೀನಿ, ಈರಣ್ಣಾ."

ಅವಳು ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು, ಒಲೆ ಹೊತ್ತಿದ ಸದ್ದು. ನಾನು ಎದ್ದು ಹೋಗಬೇಕೋ, ಕೂರಬೇಕೋ ತಿಳಿಯದೆ ಅವರೆಕಾಯಿ ಸುಲಿಯತೊಡಗಿದೆ. ಸಿಪ್ಪೆಯನ್ನು ಬುಟ್ಟಿಗೆ, ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿದ್ದೆ ಎಂದು ಆಮೇಲೆ ತಿಳಿಯಿತು.

ಒಳಗಿನಿಂದ ಅಕ್ಕನ ದನಿ ಬಂತು. "ಸಕ್ಕರಿ ಹಾಕ್ಕೋತೀರೇನ್ರೀ?"

ಹುಟ್ಟಿದಂದಿನಿಂದ ಅವಳು ನನಗೆ 'ರೀ' ಅಂದವಳಲ್ಲ. ಚಹಾಕ್ಕೆ ಸಕ್ಕರೆ ಬೇಕೇ ಎಂದು ಕೇಳಿದವಳೂ ಅಲ್ಲ. ಮೂರು ಚಮಚ ಎಂದು ಅವಳಿಗೆ ಗೊತ್ತು. ಬೀಗರ ಮನೆಯವರನ್ನು ಕೇಳುವಂತೆ ಕೇಳಿದ್ದಳು. ಎದ್ದು ಹೋಗಲು ಚಪ್ಪಲಿ ಹುಡುಕಿದೆ. ಆಮೇಲೆ ಒಳಗಿನಿಂದ ಮೂಗಿನಲ್ಲಿ ತಡೆದು ತಡೆದು ಒಡೆದ ಅವಳ ನಗು ಕೇಳಿಸಿತು. ಆಗ ನನಗೆ ಹೊಳೆಯಿತು, ಅದು ಕ್ಲಿಪ್ಪಿನ ಕೆಳಗಿನ ಆ ಸಾಲು.

ನಾನು ಇಂಗ್ಲಿಷಿನ ಎಡ ಅರ್ಧವನ್ನು ಎತ್ತಿಕೊಂಡೆ. ಬೆರಳಿಟ್ಟು, ಮೊಳೆ ಆರಿಸಿದಂತೆ ಒಂದೊಂದೇ ಅಕ್ಷರ ಆರಿಸಿ, ಬೆವರುತ್ತ, ಗಟ್ಟಿಯಾಗಿ ಓದಿದೆ: "ಡು... ಯು... ಟೇಕ್... ಸುಗರ್."

"ಶುಗರ್" ಎಂದಳು ಅಕ್ಕ ಒಳಗಿನಿಂದ. "ಹೂಂ, ಮುಂದಿಂದು ಓದು. ಈ ಸಲ ಪ್ರೂಫ್ ಇಬ್ಬರೂ ನೋಡೂಣು."